ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ಮುನ್ನ ತಿಥಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಬಂದ ಅಂಡಮಾನ್ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಐದು ದಿನಗಳಲ್ಲಿ ಮೂರು ದ್ವೀಪಗಳನ್ನು ನೋಡಿ ಬರಬಹುದು, ಜೊತೆಯಲ್ಲಿ ಪುಟ್ಟ ಮಕ್ಕಳಿದ್ದರೂ ತೊಂದರೆಯಿಲ್ಲ ಎಂದು ಅದರಲ್ಲಿದೆ. ಆ 'ತೊಂದರೆಯಿಲ್ಲ' ಎಂಬ ಮಾತಿಗೆ ನನ್ನ ತಕರಾರಿದೆ. ಕಳೆದ ಬೇಸಿಗೆ ರಜೆಯಲ್ಲಿ ಆರು ವರ್ಷದ ಮಗಳು, ಮೂರು ವರ್ಷದ ಮಗ ಮತ್ತು ಅರವತ್ತೆಂಟರ ಅತ್ತೆಯವರೊಂದಿಗೆ ನಾವು ಗಂಡ ಹೆಂಡತಿ ಅದೇ ಪ್ರವಾಸವನ್ನು ಮಾಡಿ ಬಂದಿದ್ದೇವೆ.

ನಾನು ಚಿತ್ರದುರ್ಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಹದಿನಾರು ವರ್ಷಗಳಿಂದ ಉಬ್ಬರವಿಳಿತದ ಪಾಠ ಮಾಡುತ್ತಿದ್ದೇನೆ. ಹುಣ್ಣಿಮೆ ಅಮಾವಾಸ್ಯೆಗಳಂದು ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ, ಆಗ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಚಿತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಪ್ರವಾಸದ ದಿನಾಂಕ ಗೊತ್ತುಮಾಡುವಾಗ ನಾವು ನೋಡಿದ್ದು ರಜೆ ಎಂದು ಆರಂಭವಾಗುತ್ತದೆ, ವಿಮಾನದ ಟಿಕೆಟ್ ಯಾವ ದಿನ ಅಗ್ಗ ಎಂಬ ಎರಡನ್ನೇ. ಹೋದದ್ದು ಹುಣ್ಣಿಮೆಯ ವಾರದಲ್ಲಿ.

ಚಿತ್ರದುರ್ಗದಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಂಗಳೂರಿನಲ್ಲಿ ಬೆಳಗಿನ ವಿಮಾನ ಹಿಡಿದೆವು. ಎರಡೂವರೆ ಗಂಟೆಯ ಹಾರಾಟ. 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂದು ಕರೆಸಿಕೊಳ್ಳುತ್ತಿರುವ ಪೋರ್ಟ್ ಬ್ಲೇರ್‌ನಲ್ಲಿ ಇಳಿಯುವ ಹೊತ್ತಿಗೆ ಇಬ್ಬರೂ ಮಕ್ಕಳು ರಾತ್ರಿಯಿಡೀ ಅರೆನಿದ್ದೆಯಲ್ಲಿದ್ದರು. ಪ್ರವಾಸ ಏರ್ಪಡಿಸಿದವರ ಪಟ್ಟಿಯಲ್ಲಿ ಅದೇ ಸಂಜೆ ಸೆಲ್ಯುಲಾರ್ ಜೈಲಿನ ಧ್ವನಿ ಬೆಳಕಿನ ಪ್ರದರ್ಶನವಿತ್ತು. ಆ ಜೈಲನ್ನು ನೋಡಲೇಬೇಕು. 1906ರಲ್ಲಿ ಕಟ್ಟಿ ಮುಗಿಸಿದ ಆ ಏಳು ಕವಲುಗಳ ಕಟ್ಟಡದಲ್ಲಿ ಈಗ ಉಳಿದಿರುವ ಮೂರು ಕವಲುಗಳ ಮುಂದೆ ನಿಂತಾಗ ನನ್ನ ಗಂಟಲು ಕಟ್ಟಿತು. ಆದರೆ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ, ಮಗಳು ಕತ್ತಲಲ್ಲಿ ಮೊಳಗುವ ಧ್ವನಿಗೆ ಹೆದರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮರುದಿನ ನಸುಕಿನಲ್ಲಿ ಎಬ್ಬಿಸಿ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್ಲಾಕ್‌ಗೆ, ಹೋಗುವ ದೋಣಿ ಹತ್ತಿಸಿದರು. ಕಿಟಕಿ ತೆರೆಯಲಾಗದ, ಹವಾನಿಯಂತ್ರಣದ ದೋಣಿ. ಅರ್ಧ ದಾರಿಯಲ್ಲಿ ಮಗ ವಾಂತಿ ಮಾಡಿಕೊಂಡ, ಅವನನ್ನು ನೋಡಿ ಮಗಳೂ ಮಾಡಿಕೊಂಡಳು. ವಾಪಸು ಬರುವಾಗ ಸರ್ಕಾರಿ ಹಡಗಿನಲ್ಲಿ ಬಂದೆವು. ಹೊರಗೆ ಗಾಳಿಗೆ ಕುಳಿತು, ದೂರದ ದಿಗಂತ ನೋಡುತ್ತ ಬಂದ ಮಕ್ಕಳಿಗೆ ಏನೂ ಆಗಲಿಲ್ಲ. ಇದನ್ನು ನಮಗೆ ಮೊದಲೇ ಯಾರೂ ಹೇಳಲಿಲ್ಲ.

ಸೂರ್ಯನ ಸಂಗತಿಯನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಮಕ್ಕಳ ಊಟ, ನಿದ್ದೆ, ಆಟ ಎಲ್ಲವೂ ಅಲ್ಲಿ ತಪ್ಪಿದ್ದು ಅದರಿಂದಲೇ. ನಮ್ಮ ಗಡಿಯಾರಗಳು ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಅಂಡಮಾನ್ ಅದಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕಿದೆ, ಚಿತ್ರದುರ್ಗ ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಎರಡೂ ಊರುಗಳ ಸೂರ್ಯನ ನಡುವೆ ಒಂದು ಗಂಟೆಗೂ ಹೆಚ್ಚು ಅಂತರ, ಆದರೆ ಗಡಿಯಾರ ಒಂದೇ! ಏಪ್ರಿಲಿನಲ್ಲಿ ಅಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಬೆಳಗಾಗುತ್ತದೆ, ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ, ನಡುಹಗಲು ಬರುವುದು ಹನ್ನೊಂದೂಕಾಲರ ಸುಮಾರಿಗೆ. ಏಪ್ರಿಲ್ ಮೂರನೇ ವಾರದಲ್ಲಂತೂ ಸೂರ್ಯ ಆ ದ್ವೀಪಗಳ ನೆತ್ತಿಯ ಮೇಲೇ ಇರುತ್ತಾನೆ. ನೆರಳು ಕಾಲ ಕೆಳಗೆ ಅಡಗುತ್ತದೆ. ಮನೆಯ ರೂಢಿಯಂತೆ ಎಂಟಕ್ಕೆ ತಿಂಡಿ ಮುಗಿಸಿ ಒಂಬತ್ತಕ್ಕೆ ನೀರಿಗಿಳಿದರೆ ಮಕ್ಕಳ ಎಳೆಯ ಚರ್ಮಕ್ಕೆ ಸುಡುಬಿಸಿಲಿನ ಹೊತ್ತೇ ಸಿಗುತ್ತದೆ. ಸಂಜೆ 'ನಾಲ್ಕರ ನಂತರ ಬಿಸಿಲು ತಗ್ಗಲಿ' ಎಂದು ಕಾದರೆ ಆಟಕ್ಕೆ ಒಂದು ಗಂಟೆಯಷ್ಟೇ ಉಳಿಯುತ್ತದೆ.

ನಮಗೆ ಆದದ್ದೂ ಇದೇ. ಸ್ವರಾಜ್ ದ್ವೀಪದ ರಾಧಾನಗರ ಕಡಲತೀರಕ್ಕೆ ಸಿಕ್ಕಿರುವ, ಚೊಕ್ಕಟವಾದ ಸುರಕ್ಷಿತ ತೀರಗಳಿಗೆ ಕೊಡುವ 'ಬ್ಲೂ ಫ್ಲ್ಯಾಗ್' ಮನ್ನಣೆ ಅದಕ್ಕೆ ತಕ್ಕದ್ದೇ. ಅಷ್ಟು ಬೆಳ್ಳನೆಯ ಮರಳು, ಹಿಂದೆ ಅಷ್ಟು ಎತ್ತರದ ಮರಗಳು, ಅಷ್ಟು ಚೊಕ್ಕಟ. ಆದರೆ ಹೋಟೆಲಿನ ಕೋಣೆ ಸಿಕ್ಕಿ, ಊಟ ಮುಗಿದು, ಗಾಡಿ ಬಂದು ನಾವು ಅಲ್ಲಿ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಮಗ ಮರಳಿನಲ್ಲಿ ಕುಳಿತು ಮೊದಲ ಗುಂಡಿ ತೋಡುವಷ್ಟರಲ್ಲಿ ಜೀವರಕ್ಷಕರ ಸೀಟಿ ಮೊಳಗಿತು. ಅವನು ಅತ್ತ ಅಳು ಈಗಲೂ ಕಿವಿಯಲ್ಲಿದೆ. ಮುಸ್ಸಂಜೆಯಲ್ಲಿ ಮರಳು ನೊಣಗಳು ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಕಚ್ಚಿದ ಗುರುತು ಮರುದಿನ ಕೆಂಪಗೆ ಏಳುತ್ತದೆ, ತುರಿಕೆ ವಾರವಾದರೂ ಬಿಡುವುದಿಲ್ಲ. ಅಲ್ಲಿನವರು ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಬಳಿಯಲು ಹೇಳಿದರು. ಬಳಿದ ಮೇಲೆ ಕಚ್ಚುವುದು ಕಡಿಮೆಯಾಯಿತು.

ಇನ್ನು ಶಹೀದ್ ದ್ವೀಪ, ಹಳೆಯ ಹೆಸರು ನೀಲ್. ಅಲ್ಲಿನ ಕಡಲತೀರಗಳ ಹೆಸರು ಭರತಪುರ, ಲಕ್ಷ್ಮಣಪುರ, ಸೀತಾಪುರ. ಅತ್ತೆಯವರಿಗೆ ಆ ಹೆಸರುಗಳನ್ನು ಕೇಳಿಯೇ ಪ್ರಯಾಣದ ಆಯಾಸ ಅರ್ಧ ಇಳಿಯಿತು. ಪಟ್ಟಿಯಲ್ಲಿದ್ದಂತೆ ಹುಣ್ಣಿಮೆಯ ಮಾರನೆಯ ದಿನ ಮಧ್ಯಾಹ್ನ ಮೂರೂವರೆಗೆ ಭರತಪುರಕ್ಕೆ ಹೋದೆವು. ಚಿತ್ರದಲ್ಲಿ ನೋಡಿದ್ದ ಹಸಿರುನೀಲಿ ನೀರು ಅಲ್ಲಿರಲಿಲ್ಲ. ಕಡಲು ಬಹಳ ದೂರ ಸರಿದಿತ್ತು. ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಸತ್ತ ಹವಳದ ತುಂಡುಗಳು, ನಡುನಡುವೆ ಪಾದ ಮುಳುಗುವಷ್ಟು ಬಿಸಿ ನೀರು. ಮಗ ನನ್ನ ಕೈ ಬಿಡಿಸಿಕೊಂಡು ನೀರಿನ ಕಡೆಗೆ ಓಡಿದ. ಹತ್ತು ಹೆಜ್ಜೆಯೂ ಆಗಿರಲಿಲ್ಲ, ಅಂಗಾಲು ಸೀಳಿತು.

ಹವಳದ ಗಾಯ ಗಾಜಿನ ಗಾಯದಂತಲ್ಲ. ಸಣ್ಣ ಸಣ್ಣ ಚೂರುಗಳು ಒಳಗೇ ಉಳಿದು ಕೀವು ಕಟ್ಟಿಕೊಳ್ಳುತ್ತವೆ. ಅಲ್ಲಿನ ಆಸ್ಪತ್ರೆಯ ನರ್ಸ್ ಬಹಳ ತಾಳ್ಮೆಯಿಂದ ಶುದ್ಧ ನೀರಿನಲ್ಲಿ ತೊಳೆದು, ಚೂರುಗಳನ್ನು ತೆಗೆದು ಪಟ್ಟಿ ಕಟ್ಟಿದರು. ಆ ತಾಯಿಗೆ ನಾನು ಋಣಿ. ಆದರೂ ಆ ರಾತ್ರಿ ನಾನು ಮಲಗಲಿಲ್ಲ. ದೊಡ್ಡ ಆಸ್ಪತ್ರೆ ಇರುವುದು ಶ್ರೀ ವಿಜಯಪುರಂನಲ್ಲಿ, ನಡುವೆ ಸಮುದ್ರ, ಸಂಜೆಯ ನಂತರ ಪ್ರಯಾಣಿಕರ ದೋಣಿಯಿಲ್ಲ. ಮಗುವಿಗೆ ಜ್ವರ ಬಂದರೆ ಬೆಳಗಿನವರೆಗೂ ಕಾಯಬೇಕು ಎಂಬುದು ಹಾಸಿಗೆಯ ಪಕ್ಕದಲ್ಲಿ ಕುಳಿತಾಗಲೇ ನನಗೆ ಪೂರ್ತಿ ಅರ್ಥವಾದದ್ದು.

ನಮ್ಮನ್ನು ಕರೆದೊಯ್ದ ಆಟೋ ಚಾಲಕ ಬಂಗಾಳಿ ಮೂಲದ ಹಿರಿಯರು. ಆಸ್ಪತ್ರೆಯಿಂದ ಮರಳುವಾಗ ಅವರು ಹಿಂದಿಯಲ್ಲಿ ಹೇಳಿದರು: "ದೀದಿ, ನಿನ್ನೆ ಹುಣ್ಣಿಮೆ. ಈ ಹೊತ್ತಿನಲ್ಲಿ ಇಲ್ಲಿ ನೀರು ಎಲ್ಲಿರುತ್ತದೆ? ನಿಮ್ಮವರು ಕೇಳಬೇಡವೇ?" ನಾನು ತಲೆ ತಗ್ಗಿಸಿದೆ. ಪ್ರವಾಸದವರಿಗೆ ಫೋನ್ ಮಾಡಿ ಮರುದಿನ ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳಿದೆ. "ಮೇಡಂ, ಅದೆಲ್ಲ ನಮಗೆ ಗೊತ್ತಿರುವುದಿಲ್ಲ" ಎಂದರು. ಮೂರು ದ್ವೀಪಗಳ ಕಡಲಿಗೆ ಮಕ್ಕಳನ್ನು ಕಳುಹಿಸಿ ಹಣ ಪಡೆಯುವವರಿಗೆ ಕಡಲು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಅವರು ಮಾರುತ್ತಿರುವುದಾದರೂ ಏನನ್ನು?

ಆ ರಾತ್ರಿಯೇ ನನ್ನ ಪತಿ ಉಳಿದ ಪಟ್ಟಿಯನ್ನು ಕೈಬಿಡಲು ತೀರ್ಮಾನಿಸಿದರು. ನೀಲ್‌ನಲ್ಲೇ ಇನ್ನೊಂದು ದಿನ ಉಳಿದೆವು. ಬೆಳಗ್ಗೆ ಐದೂವರೆಗೆ ಮತ್ತೆ ಭರತಪುರ. ನೀರು ಇನ್ನೂ ದೂರದಲ್ಲೇ ಇತ್ತು. ಒಣ ಮರಳಿನಲ್ಲಿ ಶಂಖದ ಚಿಪ್ಪುಗಳನ್ನು ಹೊತ್ತ ಸನ್ಯಾಸಿ ಏಡಿಗಳು ಹರಿದಾಡುತ್ತಿದ್ದವು. ಮಗಳು ತೆಂಗಿನ ಗರಿಯ ಕಡ್ಡಿಗಳನ್ನು ತಂದು ನೀರಿನ ಅಂಚಿನಿಂದ ದಡದವರೆಗೆ ಸಾಲಾಗಿ ನೆಟ್ಟಳು. ಆರೂವರೆಯ ಹೊತ್ತಿಗೆ ಮೊದಲ ಕಡ್ಡಿ ನೀರಿನಲ್ಲಿತ್ತು, ಏಳೂಕಾಲಕ್ಕೆ ಐದನೆಯದು. "ಅಮ್ಮಾ, ಸಮುದ್ರ ನಡೆದುಕೊಂಡು ಬರುತ್ತಿದೆ!" ಎಂದು ಕೂಗಿದಳು. ಎಂಟರ ಹೊತ್ತಿಗೆ ಚಿತ್ರದಲ್ಲಿದ್ದ ಅದೇ ಹಸಿರುನೀಲಿ ನೀರು ಅವಳ ಮೊಣಕಾಲಿನವರೆಗೆ ಬಂದು ನಿಂತಿತು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮಗ ದಡದ ಮರದ ನೆರಳಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತು ಹುರಿಹಿಟ್ಟಿನ ಉಂಡೆ ತಿನ್ನುತ್ತ ಅದನ್ನೆಲ್ಲ ನೋಡಿದ. ಎಂಟೂವರೆಗೆ ಕೋಣೆಗೆ ಮರಳಿ, ಹನ್ನೊಂದಕ್ಕೇ ಅನ್ನ ಮೊಸರು ಉಣಿಸಿ ಮಲಗಿಸಿದೆ. ಐದು ದಿನಗಳಲ್ಲಿ ಮಕ್ಕಳು ಅಳದೇ ಕಳೆದ ದಿನ ಅದೊಂದೇ.

ಹವಳದ ಚೂರಾಗಲಿ, ಚಿಪ್ಪಾಗಲಿ ಅಲ್ಲಿಂದ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಮಗಳಿಗೆ ನಾನು ಕಾನೂನನ್ನು ಹೇಳಲಿಲ್ಲ, ನಾವು ಚಿಪ್ಪು ತೆಗೆದುಕೊಂಡು ಹೋದರೆ ಸನ್ಯಾಸಿ ಏಡಿಗೆ ಮನೆ ಎಲ್ಲಿ ಎಂದು ಕೇಳಿದೆ. ಕೈಯಲ್ಲಿದ್ದ ಮೂರನ್ನೂ ತಾನೇ ಇಟ್ಟುಬಂದಳು. ಇನ್ನು ಮೊಸಳೆಯ ಎಚ್ಚರಿಕೆ ಫಲಕಗಳನ್ನು ಕಂಡು ಅಲಂಕಾರವೆಂದು ಯಾರೂ ತಿಳಿಯಬಾರದು. 2010ರಲ್ಲಿ ಹ್ಯಾವ್ಲಾಕ್‌ನಲ್ಲಿ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾಗಿದ್ದಾರೆ.

ಮನೆಗೆ ಬಂದ ಮೇಲೆ ನಾನು ಲೆಕ್ಕ ಹಾಕಿದೆ. ಉಬ್ಬರವಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ವಾರಕ್ಕೆ ಸುಮಾರು ಆರು ಗಂಟೆ, ಅಂದರೆ ಇಳಿತವಿದ್ದ ಹೊತ್ತಿಗೆ ಉಬ್ಬರ ಬರುವಷ್ಟು. ನಾವು ಇದೇ ಪ್ರವಾಸವನ್ನು ಒಂದು ವಾರ ಬಿಟ್ಟು, ಅಷ್ಟಮಿಯ ಆಸುಪಾಸಿನಲ್ಲಿ ಮಾಡಿದ್ದರೆ, ಇಳಿತವಿದ್ದ ಆ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನೀರು ತುಂಬಿರುತ್ತಿತ್ತು. ಅದೂ ಹುಣ್ಣಿಮೆಯ ಸೆಳೆತವಿಲ್ಲದ ಸೌಮ್ಯವಾದ ಉಬ್ಬರ. ಬಿಸಿಲು ತಗ್ಗುವ ಹೊತ್ತು, ನೀರು ಇರುವ ಹೊತ್ತು ಎರಡೂ ಒಂದಾಗುತ್ತಿದ್ದವು. ಅದಕ್ಕೆ ಬೇಕಾಗಿದ್ದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ನೋಟ. ಮದುವೆಗೆ, ಗೃಹಪ್ರವೇಶಕ್ಕೆ ತಿಥಿ ನೋಡುವ ನಾವು, ಚಂದ್ರನ ಮಾತಿಗೆ ನಿಜವಾಗಿ ಕುಣಿಯುವ ಕಡಲಿಗೆ ಹೋಗುವಾಗ ನೋಡುವುದಿಲ್ಲ. ನಮ್ಮ ಕರಾವಳಿಯ ಮೀನುಗಾರರು ಇದನ್ನು ಲೆಕ್ಕ ಹಾಕದೆ ದೋಣಿ ಇಳಿಸುವುದಿಲ್ಲ. ನಾವು ಬಯಲುಸೀಮೆಯವರು ಕೆರೆಯನ್ನು ಬಲ್ಲೆವು, ಬಾವಿಯನ್ನು ಬಲ್ಲೆವು, ಸಮುದ್ರವನ್ನು ಬಲ್ಲೆವೆಂದು ಭ್ರಮಿಸುತ್ತೇವೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆ ಸುದ್ದಿ ಓದಿದ ದಿನ ನಾನು ಪಾಠ ಮಾಡಲಾಗದೆ ತರಗತಿಯಿಂದ ಹೊರಬಂದಿದ್ದೆ.

ರಜೆಯ ವಿಷಯವೂ ಒಂದಿದೆ. ನಮ್ಮ ರಾಜ್ಯದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ ಮತ್ತು ಬೇಸಿಗೆಗೆ. ದಸರೆ ಬರುವ ಅಕ್ಟೋಬರಿನಲ್ಲಿ ಅಂಡಮಾನಿನಲ್ಲಿ ಇನ್ನೂ ಮಳೆ. ಮುಂಗಾರು ಕೇರಳಕ್ಕಿಂತ ಮೊದಲೇ, ಸಾಮಾನ್ಯವಾಗಿ ಮೇ ಮೂರನೇ ವಾರದಲ್ಲಿ, ಆ ದ್ವೀಪಗಳನ್ನು ಮುಟ್ಟುತ್ತದೆ. ಕಡಲು ಕೆರಳಿದರೆ ದೋಣಿಗಳು ನಿಲ್ಲುತ್ತವೆ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗಿನ ಕೆಲವು ದಿನಗಳು. ಅಷ್ಟರಲ್ಲೇ ಅಷ್ಟಮಿ ಹುಡುಕಬೇಕು, ಒಂದೇ ದ್ವೀಪ ಸಾಕೆಂದು ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ತುಂಬು ತೋಳಿನ ಬಟ್ಟೆ, ರಬ್ಬರ್ ಅಡಿಯ ಶೂ, ಓಆರ್‌ಎಸ್ ಪೊಟ್ಟಣ, ಜ್ವರ ಅಳೆಯುವ ಕಡ್ಡಿ ಜೊತೆಯಲ್ಲಿರಲಿ. ದೋಣಿಯ ವಾಂತಿಗೆ ಔಷಧ ಬೇಕಿದ್ದರೆ ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇದು. ಪ್ರವಾಸ ಲೇಖನಗಳ ಜೊತೆ ಹೋಟೆಲಿನ ದರ ಅಚ್ಚು ಹಾಕುವಂತೆ ಆ ಊರಿನ ಸೂರ್ಯೋದಯ, ಸೂರ್ಯಾಸ್ತ, ಆ ತಿಂಗಳ ಹುಣ್ಣಿಮೆ, ಅಮಾವಾಸ್ಯೆಗಳನ್ನೂ ಹಾಕಿ. ನಿಮ್ಮ ಪತ್ರಿಕೆ ದಿನವೂ ತಿಥಿ, ನಕ್ಷತ್ರ, ರಾಹುಕಾಲ ಕೊಡುತ್ತದೆ. ರಜೆಯ ತಿಂಗಳುಗಳಲ್ಲಾದರೂ ಅದರ ಕೆಳಗೆ ಕಾರವಾರ, ಮಲ್ಪೆ, ಮಂಗಳೂರುಗಳ ಉಬ್ಬರ ಇಳಿತದ ಸಮಯವನ್ನು ಎರಡು ಸಾಲಿನಲ್ಲಿ ಕೊಡಿ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಎತ್ತರದ ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುತ್ತದೆ. ಮಾಹಿತಿಗೆ ಕೊರತೆಯಿಲ್ಲ, ಅದು ಚಿತ್ರದುರ್ಗ, ಕೋಲಾರ, ಗದಗದ ಮನೆಗಳಿಗೆ ತಲುಪುತ್ತಿಲ್ಲ. ಪ್ರವಾಸ ಏರ್ಪಡಿಸುವವರು ತಾವು ಕೊಡುವ ಪಟ್ಟಿಯಲ್ಲಿ ಪ್ರತಿ ಕಡಲತೀರದ ಮುಂದೆ ಆ ದಿನದ ಉಬ್ಬರದ ಹೊತ್ತನ್ನು ಬರೆಯಲೇಬೇಕೆಂದು ಪ್ರವಾಸೋದ್ಯಮ ಇಲಾಖೆ ಸೂಚಿಸಲಿ. ಬರೆದಿಲ್ಲದ ಪಟ್ಟಿಗೆ ಮುಂಗಡ ಕೊಡಬೇಡಿ ಎಂದು ಪೋಷಕರಲ್ಲಿ ನಾನೇ ಕೇಳಿಕೊಳ್ಳುತ್ತೇನೆ.

ಈ ವರ್ಷ ಉಬ್ಬರವಿಳಿತದ ಪಾಠಕ್ಕೆ ಮಗಳು ನೆಟ್ಟ ಕಡ್ಡಿಗಳ ಚಿತ್ರವನ್ನು ತರಗತಿಗೆ ಒಯ್ಯುತ್ತಿದ್ದೇನೆ. ಎರಡು ಸಾಲಿನ ಕೋಷ್ಟಕ ನಿಮ್ಮ ಪತ್ರಿಕೆಯಲ್ಲಿ ಬರಲು ಆರಂಭವಾದರೆ ಅದನ್ನೂ ಕತ್ತರಿಸಿ ಪಕ್ಕದಲ್ಲಿ ಅಂಟಿಸುತ್ತೇನೆ.

— ಸಮಾಜ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ