ಗೋಪುರದ ಬಣ್ಣಕ್ಕಲ್ಲ, ಹುಣಸೆ ಮರಗಳಿಗಾಗಿ ಒಂದು ಮನವಿ

ಭಕ್ತ ಮಹಾಶಯರೇ,

ಈ ಸಲ ಗೋಪುರಕ್ಕೆ ಬಣ್ಣ ಬಳಿಸುವುದಾಗಿ ಹೇಳಿದ್ದೆವು. ಜೂನ್ ಮುಗಿಯುವವರೆಗೆ ಆ ಕೆಲಸ ಇಲ್ಲ. ಗುಡಿಯ ಹಿಂದಿನ ಹುಣಸೆ, ಅರಳಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಮರಿ ಮಾಡುತ್ತಿವೆ. ಸಾರುವೆ ಕಟ್ಟಿ ಸದ್ದು ಮಾಡಿದರೆ ಅವು ಮೊಟ್ಟೆ ಬಿಟ್ಟು ಏಳುತ್ತವೆ. ಬಳಿದ ಬಣ್ಣವೂ ಹಿಕ್ಕೆಯ ಕೆಳಗೆ ಎಷ್ಟು ದಿನ ಉಳಿದೀತು, ನೀವೇ ಹೇಳಿ.

ಮದ್ದೂರು ತಾಲ್ಲೂಕಿನ ಈ ಶಿಂಷಾ ಸೀಮೆಗೆ ಕೊಕ್ಕರೆ ಹೊಸತಲ್ಲ. ಬಾಣಂತನಕ್ಕೆ ಬಂದ ಮನೆಮಗಳು ಎಂದೇ ಹಿರಿಯರು ಇವನ್ನು ನೋಡಿಕೊಂಡರು. ಪಕ್ಕದ ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಗಿದ್ದೂ ಅಂಥ ಜನರಿಂದಲೇ.

ಬಣ್ಣದ ಕೊಕ್ಕರೆ ಕಡ್ಡಿಗಳ ಅಟ್ಟಣೆ ಕಟ್ಟಿ ಎರಡರಿಂದ ಐದು ಮೊಟ್ಟೆ ಇಡುತ್ತದೆ. ಗಂಡು, ಹೆಣ್ಣು ಸರದಿಯಲ್ಲಿ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಬಿಸಿಲೇರಿದಾಗ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ಪ್ರದಕ್ಷಿಣೆ ಮಾಡುವಾಗ ನೀವೂ ಕಂಡಿರಬಹುದು. ಮೊಟ್ಟೆಗಳೆಲ್ಲ ಒಂದೇ ದಿನ ಒಡೆಯುವುದಿಲ್ಲ. ಮೊದಲು ಹುಟ್ಟಿದ್ದು ಬಲಿಷ್ಠ, ಕೊನೆಯದು ಬಡಕಲು. ಈ ಹಕ್ಕಿ ಕೊಕ್ಕು ತೆರೆದು ನೀರಿನಲ್ಲಿ ಆಡಿಸಿ, ಮೀನು ತಗುಲಿದೊಡನೆ ಹಿಡಿಯುವಂಥದು. ಅದಕ್ಕೆ ಹೆಚ್ಚು ಆಳವಿಲ್ಲದ ನೀರು ಬೇಕು. ಕೆರೆಗಳು ಬತ್ತಿ ಮೀನು ಕಡಿಮೆಯಾದರೆ ಬಡಕಲು ಮರಿಗೆ ತುತ್ತು ಸಿಗುವುದಿಲ್ಲ. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ನಾಯಿಗಳು ಬಿಡುವುದಿಲ್ಲ.

ಇನ್ನು ಹಣದ ಮಾತು. ನಂದಾದೀಪದ ಎಣ್ಣೆ, ನಿತ್ಯದ ನೈವೇದ್ಯ ನಡೆಯುತ್ತಿದ್ದುದು ಹುಣಸೆಹಣ್ಣಿನ ಹರಾಜಿನಿಂದ. ಹಣ್ಣು ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಹಾಗಾಗಿ ಹರಾಜು ನಿಲ್ಲಿಸಿದ್ದೇವೆ. ಸಮಿತಿಯಲ್ಲಿ ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದರೆ ಸುಳ್ಳಾಗುತ್ತದೆ; ಜೋರು ಮಾತುಗಳೇ ಆದವು. ಆದರೂ ನಿರ್ಣಯ ಆಯಿತು.

ಮೊದಲು ದೀಪದ ಖರ್ಚು ತುಂಬಬೇಕು. ಮರಗಳ ಕೆಳಗೆ ಬಲೆ ಕಟ್ಟಬೇಕು. ಬಿದ್ದ ಮರಿಗಳನ್ನು ಅರಣ್ಯ ಇಲಾಖೆಯವರು ಬರುವವರೆಗೆ ಕಾಯಲು ಬೇಲಿಯ ಆವರಣ ಬೇಕು. ಮುಖ್ಯವಾಗಿ, ಹಳೆಯ ಮರಗಳು ಒಳಗೇ ಟೊಳ್ಳಾಗುತ್ತಿವೆ. ಇಂದು ನೆಟ್ಟ ಹುಣಸೆ ಗೂಡಿನ ಭಾರ ಹೊರಲು ದಶಕಗಳೇ ಬೇಕು. ಹುಣಸೆ, ಅರಳಿ, ಅತ್ತಿ ಸಸಿಗಳು, ಅವುಗಳ ಬೇಲಿ ಮತ್ತು ಬೇಸಿಗೆಯ ನೀರಿನ ವೆಚ್ಚಕ್ಕೆ ₹500 ಕೊಟ್ಟರೂ ಸಂತೋಷ, ಹತ್ತು ರೂಪಾಯಿ ಕೊಟ್ಟರೂ ಸಂತೋಷ.

ದೇಣಿಗೆಯನ್ನು ದೇವಸ್ಥಾನದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಪ್ರತಿ ಹುಣ್ಣಿಮೆಯಂದು ಲೆಕ್ಕವನ್ನು ಮುಖಮಂಟಪದ ಫಲಕದಲ್ಲಿ ಹಾಕುತ್ತೇವೆ. ಹರಕೆಯ ಪಟಾಕಿಯನ್ನು ದಯವಿಟ್ಟು ಈ ವರ್ಷ ತರಬೇಡಿ. ಆ ಹಣವನ್ನೇ ಸಸಿಯ ಹೆಸರಿನಲ್ಲಿ ಬರೆಸಿ.

— ದೇವಸ್ಥಾನ ಸಮಿತಿಯ ಪರವಾಗಿ