ಕತಾರ್‌ನ ಮಧ್ಯಸ್ಥಿಕೆ ಆಟ ಅಲ್ಲ

ಸಂಪಾದಕರೇ,

ಕತಾರ್ ಮಧ್ಯಸ್ಥಿಕೆ ಹೆಸರಲ್ಲಿ ಅಮೆರಿಕದ ಜೊತೆಗೂ ಅದ್ರ ವಿರೋಧಿಗಳ ಜೊತೆಗೂ ಇದ್ದು ಎರಡು ದೋಣೀಲಿ ಕಾಲಿಟ್ಟಿದೆ ಅಂತ ಸುಮಾರು ಜನ ಬರೀತಾರೆ, ನಂಗೆ ಒಪ್ಪಿಗೆ ಇಲ್ಲ. ನಮ್ಮ ಕಾಸರಗೋಡಲ್ಲಿ ಕತಾರ್ ರಾಜಧಾನಿ ದೋಹಾದ ಸುದ್ದಿ ಅಂದ್ರೆ ಮನೆ ಸುದ್ದಿ ಇದ್ದ ಹಾಗೆ. ಅಮೆರಿಕದ ಅಲ್ ಉದೈದ್ ವಾಯುನೆಲೆ ಅಲ್ಲೇ, ಪ್ಯಾಲೆಸ್ಟೀನ್‌ನ ಹಮಾಸ್ ಸಂಘಟನೆ ಆಫೀಸೂ 2012ರಿಂದ ಅಲ್ಲೇ, ಸಮುದ್ರದಡಿಯ ಗ್ಯಾಸ್ ಬೇರೆ ಇರಾನ್ ಜೊತೆ ಪಾಲು, ಇಷ್ಟೆಲ್ಲ ಇದ್ಮೇಲೆ ಯಾರ ಹತ್ರ ಮಾತು ಬಿಡೋಕಾಗ್ತದೆ? 2017ರಲ್ಲಿ ಸೌದಿ, ಯುಎಇ, ಬಹರೈನ್, ಈಜಿಪ್ಟ್ ಸೇರಿ ದಿಗ್ಬಂಧನ ಹಾಕಿದ್ರು, ಟರ್ಕಿ ಇರಾನ್ ಕಡೆಯಿಂದ ವಿಮಾನದಲ್ಲಿ ಆಹಾರ ಬಂತು, ಕತಾರ್ ಮಾತ್ರ ಬಗ್ಗಲಿಲ್ಲ. 2020ರ ಅಮೆರಿಕ-ತಾಲಿಬಾನ್ ಒಪ್ಪಂದ ಆದದ್ದು ದೋಹಾದಲ್ಲೇ. ಆದ್ರೆ 2025ರ ಸೆಪ್ಟೆಂಬರಲ್ಲಿ ಇಸ್ರೇಲ್ ಹಮಾಸ್ ನಾಯಕರನ್ನ ಗುರಿ ಮಾಡಿ ದೋಹಾಕ್ಕೇ ಬಾಂಬ್ ಹಾಕ್ತು, ಅಷ್ಟು ದೊಡ್ಡ ವಾಯುನೆಲೆ ಇದ್ದೂ ಏನೂ ತಡೀಲಿಲ್ಲ ನೋಡಿ. ಅದ್ರ ಬಗ್ಗೆ ಒಂದು ಲೇಖನ ಹಾಕಿ.

– ಒಬ್ಬ ಓದುಗ, ಕುಂಬಳೆ