ಒಂದೇ ಒಂದು ಕಾರು ಕಟ್ಟುವವರಿಗೂ ಕಾನೂನಿನ ದಾರಿ ಬೇಕು: ಬಳ್ಳಾರಿ ಸಂಸದರಿಗೆ ಬಹಿರಂಗ ಪತ್ರ

ಬಳ್ಳಾರಿ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ ಸರ್. ಹಳೇ ಕಾರು ಕೊಳ್ಳುವ ವಿಷಯಕ್ಕೆ ಸಂಸದರಿಗೆ ಯಾಕೆ ಪತ್ರ ಅಂತ ನೀವು ಕೇಳಬಹುದು. ಆರ್‌ಟಿಓ ಕಚೇರಿ ರಾಜ್ಯ ಸರ್ಕಾರದ್ದು, ನಿಜ. ಆದರೆ ಅಲ್ಲಿ ಕೂತವರು ನೋಡುವ ಪುಸ್ತಕ, ಅಂದರೆ 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ನಿಯಮಗಳು, ದೆಹಲಿಯಿಂದ ಬಂದದ್ದು. ದೆಹಲಿಯಲ್ಲಿ ನಮ್ಮ ಪರ ಕೂತಿರುವವರು ನೀವು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇದೇ ಆಸೆ ಇಟ್ಟುಕೊಂಡ ಬೇರೆಯವರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಗೆಳೆಯ (ಅವನು ನಮ್ಮೂರ ಲಾರಿ ಗ್ಯಾರೇಜಿನಲ್ಲಿ ವೆಲ್ಡರ್) ಒಂದು ಹಳೇ ರೆಪ್ಲಿಕಾ (ಹೆಸರಾದ ಕಾರಿನ ರೂಪ ನಕಲು ಮಾಡಿದ) ಸ್ಪೋರ್ಟ್ಸ್ ಕಾರು ಕೊಂಡು, ಬಿಚ್ಚಿ, ಮತ್ತೆ ಕಟ್ಟಬೇಕು ಅಂತಿದ್ದೇವೆ. ಗಾಡಿ ನೋಡಿಯೂ ಬಂದಿದ್ದೇವೆ. ಮಹಾರಾಷ್ಟ್ರ ನೋಂದಣಿಯ ಚಿಂಕಾರಾ ರೋಡ್‌ಸ್ಟರ್. ಅಲಿಬಾಗ್ ಹತ್ತಿರದ ಒಂದು ಸಣ್ಣ ಕಂಪನಿ ತಯಾರಿಸಿದ ಎರಡು ಸೀಟಿನ, ಮೇಲೆ ಛಾವಣಿ ಇಲ್ಲದ ಕಾರು. ನೋಡಲು 1957ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೋಟಸ್ ಸೆವೆನ್ ಥರ. ಒಳಗೆ ಮಾತ್ರ ನಮ್ಮ ಹಿಂದೂಸ್ತಾನ್ ಕಾಂಟೆಸ್ಸಾ ಕಾರಿನಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಜು ಪೆಟ್ರೋಲ್ ಇಂಜಿನ್. ಈಗ ಆ ಇಂಜಿನ್ ಜಾಮ್ ಆಗಿ ಕೂತಿದೆ, ವೈರಿಂಗ್ ಪೂರ್ತಿ ಹಾಳು, ನೋಂದಣಿಯ 15 ವರ್ಷವೂ ಮುಗಿದಿದೆ.

ಅಂಥ ಗಾಡಿ ಯಾಕೆ ಬೇಕು? ಕಟ್ಟುವ ಖುಷಿಗೆ. ಲೋಟಸ್ ಸೆವೆನ್ ಹೆಸರು ಮಾಡಿದ್ದೂ ಹಾಗೇ. ಆಗ ಅಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಕಟ್ಟಬೇಕಿತ್ತು, ಬಿಡಿಭಾಗ ಕೊಂಡು ತಾವೇ ಜೋಡಿಸಿಕೊಂಡರೆ ಕಟ್ಟಬೇಕಿರಲಿಲ್ಲ, ಹಾಗಾಗಿ ಸಾಧಾರಣ ಸಂಬಳದ ಜನ ಮನೆ ಶೆಡ್ಡಿನಲ್ಲೇ ಸ್ಪ್ಯಾನರ್ ಹಿಡಿದು ಸ್ಪೋರ್ಟ್ಸ್ ಕಾರು ಕಟ್ಟಿಕೊಂಡರು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು, ಅವರು ಇವತ್ತಿಗೂ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಿಟ್ ಮಾರುತ್ತಾರೆ.

ಇದು ಶೋಕಿಯ ಕೆಲಸ ಅಲ್ಲ ಅಂತ ನಿಮಗೆ ತಿಳಿಯಬೇಕು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂಥ ಗಾಡಿ ನೋಡಲು ಹೋದಾಗ ಬಣ್ಣ ನೋಡಬಾರದು. ಟಾರ್ಚ್ ಹಿಡಿದು ಕೆಳಗೆ ನುಗ್ಗಬೇಕು. ಸ್ಟೀಲ್ ಪೈಪುಗಳನ್ನು ವೆಲ್ಡ್ ಮಾಡಿದ ಫ್ರೇಮ್ ಅದು, ಸಮುದ್ರದ ಹತ್ತಿರ ಓಡಿದ ಗಾಡಿಯಾದರೆ ಪೈಪಿನ ಒಳಗಿನಿಂದಲೇ ತುಕ್ಕು ತಿಂದಿರುತ್ತದೆ, ಹೊರಗೆ ಗೊತ್ತೇ ಆಗಲ್ಲ. ಸಸ್ಪೆನ್ಶನ್ ಬಂದು ಕೂರುವ ಜಾಗದಲ್ಲಿ ವೆಲ್ಡಿಂಗ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಆ ಗಾಡಿ ರಸ್ತೆಗೆ ಇಳಿಯಬಾರದು. ಫೈಬರ್ ಬಾಡಿಯಲ್ಲಿ ಬಿರುಕು ಮೇಲಿನ ಹೊಳಪಿನ ಪದರವಾದ ಜೆಲ್‌ಕೋಟ್‌ನಲ್ಲೇ ನಿಂತಿದ್ದರೆ ಉಜ್ಜಿ ತುಂಬಬಹುದು. ಒಳಗಿನ ಗಾಜುನಾರಿನ ಮ್ಯಾಟ್‌ವರೆಗೆ ಇಳಿದಿದ್ದರೆ ಹಿಂದಿನಿಂದ ಮತ್ತೆ ಮ್ಯಾಟ್, ರೆಸಿನ್ ಅನ್ನುವ ಅಂಟು ಹಾಕಿ ಕೂರಿಸಬೇಕು, ಅದೂ ನಮ್ಮೂರ ಬಿಸಿಲಿಗೆ ರೆಸಿನ್ ಬೇಗ ಸೆಟ್ ಆಗಿಬಿಡುವುದರಿಂದ ಬೆಳಿಗ್ಗೆಯೇ ಕೆಲಸ ಮುಗಿಸಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥಿಂಗ್, ಇದರಲ್ಲಿ ಒಂದೊಂದು ಲೈಟಿಗೂ ಬೇರೆ ಅರ್ಥಿಂಗ್ ವೈರ್ ಎಳೆಯಬೇಕು. ರೆಪ್ಲಿಕಾ ಗಾಡಿಗಳಲ್ಲಿ ಲೈಟು ಮಿಣುಕುವುದಕ್ಕೆ ಬಹಳ ಸಲ ಇದೇ ಕಾರಣ.

ಈ ಕೆಲಸ ಬಲ್ಲವರು ನಮ್ಮೂರಲ್ಲಿ ಇದ್ದಾರೆ ಸರ್. ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳು ಇಡೀ ಒಂದು ತಲೆಮಾರಿಗೆ ವೆಲ್ಡಿಂಗ್, ಟಿಂಕರಿಂಗ್, ಸ್ಪ್ರಿಂಗ್ ಪಟ್ಟಿ ಕೆಲಸ ಕಲಿಸಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತದ್ದು ನಿಮಗೂ ನೆನಪಿರುತ್ತದೆ. ಗ್ಯಾರೇಜಿನವರೂ ಆಗ ನಿಂತುಹೋದರು, ಎಷ್ಟೋ ಜನ ಊರು ಬಿಟ್ಟರು. ಉಳಿದವರ ಕೈಯಲ್ಲಿ ಇರುವ ವಿದ್ಯೆ ಸಣ್ಣದಲ್ಲ. ಟಿಪ್ಪರ್ ಚಾಸಿಯನ್ನು ಗೆರೆ ಎಳೆದ ಹಾಗೆ ನೇರ ಮಾಡುವ ನನ್ನ ಗೆಳೆಯನಂಥವನಿಗೆ ಈ ಪುಟ್ಟ ಫ್ರೇಮ್ ಕಷ್ಟವೇ ಅಲ್ಲ.

ಕಷ್ಟ ಇರುವುದು ಕಾಗದದಲ್ಲಿ. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ತಯಾರಿಸಿದವರು ಮೂಲದಲ್ಲಿ ಕೊಟ್ಟ ವಿವರಕ್ಕೂ ನಮ್ಮ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಆಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಈಗ ನಮ್ಮ ಗಾಡಿಯ ಇಂಜಿನ್ ಬ್ಲಾಕ್ ಒಡೆದಿದೆ ಅಂತ ಬಿಚ್ಚಿದ ಮೇಲೆ ಗೊತ್ತಾದರೆ? ಕಾಂಟೆಸ್ಸಾ ತಯಾರಿ 2002ರಲ್ಲೇ ನಿಂತಿದೆ. ಅದೇ ಇಂಜಿನ್ ಹುಡುಕಿಕೊಂಡು ಗುಜರಿ ಗುಜರಿ ಅಲೆಯಬೇಕು. ಸಿಗದಿದ್ದರೆ ಬೇರೆ ಕಂಪನಿಯ, ಇದಕ್ಕಿಂತ ಕಡಿಮೆ ಹೊಗೆ ಬಿಡುವ ಹೊಸ ಇಂಜಿನ್ ಕೂರಿಸುವುದಕ್ಕೆ ನಮ್ಮಂಥವರಿಗೆ ದಾರಿ ಇಲ್ಲ.

ಕೊಳ್ಳುವ ಮುಂಚೆ ಕೇಳಿಕೊಳ್ಳೋಣ ಅಂತ ವಿಚಾರಿಸಿದೆವು. ಒಂದು ಕಡೆ ಗಾಡಿ ತನ್ನಿ, ಆಮೇಲೆ ನೋಡೋಣ ಅಂದರು. ಇನ್ನೊಂದು ಕಡೆ ಇಂಥ ಗಾಡಿ ಕಂಪ್ಯೂಟರ್ ಪಟ್ಟಿಯಲ್ಲೇ ಬರಲ್ಲ ಅಂದರು. ಮಧ್ಯವರ್ತಿ ಒಬ್ಬರು ನನಗೆ ಬಿಡಿ, ಮಾಡಿಸಿಕೊಡುತ್ತೇನೆ ಅಂದರು. ಆ ದಾರಿ ನಮಗೆ ಬೇಡ. ದುಡ್ಡು ಕೊಟ್ಟ ಮೇಲೆ ಗೊತ್ತಾಗುವ ಉತ್ತರ ಉತ್ತರವೇ ಅಲ್ಲ, ಅಲ್ವಾ?

ನಮ್ಮದು ಹೇಗೂ ಕಾರ್ಖಾನೆಯಿಂದ ಆರ್‌ಸಿ ಸಮೇತ ಹೊರಬಂದ ರೆಪ್ಲಿಕಾ. ಇದಕ್ಕಿಂತ ಅಪಾಯದ್ದು ಇನ್ನೊಂದು ಜಾತಿ. ಹಳೇ ಸೆಡಾನ್ ಕಾರಿನ ಬಾಡಿ ಕಿತ್ತು, ಇಟಲಿಯ ಸೂಪರ್‌ಕಾರ್ ಥರದ ಫೈಬರ್ ಬಾಡಿ ಕೂರಿಸಿ, ಅರ್ಧಕ್ಕೆ ನಿಲ್ಲಿಸಿ ಮಾರಲು ಇಟ್ಟಿರುತ್ತಾರೆ. ಆರ್‌ಸಿಯಲ್ಲಿ ಐದು ಸೀಟಿನ ಸೆಡಾನ್, ಎದುರಿಗೆ ಎರಡು ಸೀಟಿನ ಗಾಡಿ. ಹುಡುಗರು ಆಸೆಗೆ ಬಿದ್ದು ಕೊಳ್ಳುತ್ತಾರೆ. ಪೊಲೀಸರು ಹಿಡಿಯಬಹುದು, ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ಕಾನೂನಿನಲ್ಲಿ ದಾರಿ ಇಲ್ಲ ಅಂತ ಇವು ನಿಂತಿಲ್ಲ. ಯಾರೂ ಬ್ರೇಕ್ ಪರೀಕ್ಷೆ ಮಾಡದೇ ಕಳ್ಳದಾರಿಯಲ್ಲಿ ಓಡುತ್ತಿವೆ, ಅಷ್ಟೇ.

ಹೊಸದಾಗಿ ನೋಂದಣಿ ಮಾಡಿಸಬೇಕು ಅಂದರೆ ಕೇಂದ್ರ ನಿಯಮಗಳ 126ನೇ ನಿಯಮ ಅಡ್ಡ ಬರುತ್ತದೆ. ಗಾಡಿ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐನಂಥ ಸಂಸ್ಥೆಗೆ ಮಾದರಿ ಗಾಡಿ ಕೊಟ್ಟು ಪಾಸು ಮಾಡಿಸಬೇಕು. ಸಾವಿರಾರು ಕಾರು ಮಾಡುವ ಕಂಪನಿಗೆ ಇದು ಸರಿ. ಹೊಸ ಮಾದರಿಗಳಿಗೆ 2017ರಿಂದ ಡಿಕ್ಕಿ ಪರೀಕ್ಷೆಯೂ ಇದೆ, ಒಳ್ಳೆಯದೇ. ಆದರೆ ಇಡೀ ಜನ್ಮಕ್ಕೆ ಒಂದೇ ಕಾರು ಕಟ್ಟಿದವನು ಅದನ್ನೇ ಗೋಡೆಗೆ ಗುದ್ದಿಸಿದರೆ ಅವನ ಹತ್ತಿರ ಉಳಿಯುವುದೇನು?

ಸರ್ಕಾರಕ್ಕೆ ವಿನಾಯಿತಿ ಕೊಡುವುದು ಗೊತ್ತಿಲ್ಲ ಅಂತಲ್ಲ. 2018ರಲ್ಲಿ ಹೊರದೇಶದ ಕಾರುಗಳನ್ನು ಒಂದೊಂದು ಕಂಪನಿಗೆ ವರ್ಷಕ್ಕೆ 2,500ರವರೆಗೆ, ಅಲ್ಲಿನ ಪ್ರಮಾಣಪತ್ರವನ್ನೇ ಒಪ್ಪಿ, ಇಲ್ಲಿ ಮತ್ತೆ ಪರೀಕ್ಷೆ ಇಲ್ಲದೇ ತರಲು ಬಿಟ್ಟರು. 2021ರ ಜುಲೈನಲ್ಲಿ 50 ವರ್ಷ ದಾಟಿದ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದರು: 20,000 ರೂಪಾಯಿ ಶುಲ್ಕ, 10 ವರ್ಷದ ನೋಂದಣಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಗುರುತು. ಅದು ಮೂಲ ರೂಪ ಉಳಿಸಿಕೊಂಡ ಗಾಡಿಗೆ ಮಾತ್ರ, ರೆಪ್ಲಿಕಾಕ್ಕೆ ಸಿಗಲ್ಲ. ಅರಮನೆಯ ಹಳೇ ಕಾರಿಗೂ ವಿದೇಶಿ ಕಂಪನಿಯ ದುಬಾರಿ ಕಾರಿಗೂ ಬಾಗಿಲು ಇದೆ. ವೆಲ್ಡರ್ ತಾನೇ ಕಟ್ಟಿದ ಕಾರಿಗೆ ಇಲ್ಲ. ಇದು ನನಗೆ ನೋವಿನ ವಿಷಯ.

ಬ್ರಿಟನ್ನಿನಲ್ಲಿ ಒಂದೊಂದೇ ಗಾಡಿಯನ್ನು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ಐವಿಎ ಅನ್ನುವ ಪದ್ಧತಿ ಇದೆ. ಬ್ರೇಕು, ಸ್ಟೀರಿಂಗು, ಬೆಲ್ಟು ಕಟ್ಟಿದ ಜಾಗ, ಹೊಗೆ, ಕೊನೆಗೆ ಹೊರಗಿನ ಅಂಚುಗಳು ಯಾರಿಗಾದರೂ ಗಾಯ ಮಾಡುವಷ್ಟು ಚೂಪಾಗಿವೆಯಾ ಅನ್ನುವವರೆಗೆ ನೋಡುತ್ತಾರೆ. ಭಾಗಗಳ ಮೂಲ ಸರಿಯಾಗಿ ಗೊತ್ತಿಲ್ಲದ ಗಾಡಿಗೆ ‘ಕ್ಯೂ’ ಅಕ್ಷರದ ನಂಬರ್ ಕೊಡುತ್ತಾರೆ, ಮುಂದೆ ಕೊಳ್ಳುವವರಿಗೆ ಸಂಗತಿ ಗೊತ್ತಾಗಲಿ ಅಂತ. ಅಮೆರಿಕದಲ್ಲಿ 2015ರ ಕಾನೂನು ಸಣ್ಣ ಕಂಪನಿಗಳಿಗೆ ವರ್ಷಕ್ಕೆ ತಲಾ 325 ರೆಪ್ಲಿಕಾ ಕಾರು ಮಾಡಲು ಬಿಟ್ಟಿದೆ. ಮೊದಲನೆಯದು ನಮಗೆ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ.

ಸುರಕ್ಷತೆಯ ಮಾತು ನೀವು ಎತ್ತೇ ಎತ್ತುತ್ತೀರಿ, ಎತ್ತಬೇಕು ಕೂಡ. ಈ ಕಾರು ಬಹಳ ಕುಳ್ಳು. ತೋರಣಗಲ್ಲು ಕಡೆ ಟಿಪ್ಪರ್ ಓಡಿಸುವ ಡ್ರೈವರ್‌ಗೆ ಪಕ್ಕದಲ್ಲಿ ಇಂಥದೊಂದು ಇದೆ ಅಂತ ಕಾಣದೇ ಹೋಗಬಹುದು. ಹೆದ್ದಾರಿಯಲ್ಲಿ ರಾತ್ರಿ ಓಡಿಸಬೇಡಿ ಅಂದರೆ ಒಪ್ಪುತ್ತೇವೆ. ವೇಗದ ಮಿತಿ ಹಾಕಿ, ಬಾಡಿಗೆಗೆ ಓಡಿಸಬಾರದು ಅನ್ನಿ, ಮೂಲ ಕಂಪನಿಯ ಲೋಗೋ ಅಂಟಿಸಬಾರದು ಅನ್ನಿ, ಎಲ್ಲಕ್ಕೂ ಒಪ್ಪಿಗೆ. ಸೈಲೆನ್ಸರ್ ಕಿತ್ತು ಊರೆಲ್ಲ ಸದ್ದು ಮಾಡುವವರ ಪರ ನಾನು ಒಂದು ಮಾತೂ ಆಡಲ್ಲ.

ನಿಮ್ಮಲ್ಲಿ ಕೇಳುವುದು ಎರಡು. ಲೋಕಸಭೆಯಲ್ಲಿ ಸದಸ್ಯರು ಜನರ ವಿಷಯ ಎತ್ತಲು ಇರುವ ನಿಯಮ 377ರ ಅಡಿಯಲ್ಲೋ, ರಸ್ತೆ ಸಾರಿಗೆ ಸಚಿವರಿಗೆ ಪತ್ರದ ಮೂಲಕವೋ, ಸ್ವಂತಕ್ಕೆ ಕಟ್ಟಿಕೊಳ್ಳುವ ಬಿಡಿ ಗಾಡಿಗೆ ಒಂಟಿ ಪರೀಕ್ಷೆಯ ನಿಯಮ ತರಲು ಒತ್ತಾಯಿಸಿ. ವಿಂಟೇಜ್ ಗಾಡಿಗಳ ವಿಷಯದಲ್ಲಿ ಆದ ಹಾಗೆ ಕೇಂದ್ರ ನಿಯಮಗಳ ತಿದ್ದುಪಡಿಯಲ್ಲೇ ಇದಕ್ಕೂ ಜಾಗ ಮಾಡಲು ಕೇಳಿ. ಅದಕ್ಕೆ ಸಮಯ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ರಾಜ್ಯದ ಸಾರಿಗೆ ಸಚಿವರ ಜೊತೆ ಮಾತಾಡಿ ಇಷ್ಟು ಮಾಡಿಸಿ: ಆರ್‌ಸಿ ನಕಲು, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್, ಫೋಟೋ, ಏನೇನು ಬದಲಾಯಿಸುತ್ತೇವೆ ಅನ್ನುವ ಪಟ್ಟಿ ಕೊಟ್ಟರೆ, ಕೊಳ್ಳುವ ಮುಂಚೆಯೇ ಆಗುತ್ತದೆ ಅಥವಾ ಆಗಲ್ಲ ಅಂತ ಲಿಖಿತ ಉತ್ತರ ಸಿಗಬೇಕು. ಇದನ್ನು ರಾಜ್ಯದ ‘ಸಕಾಲ’ ಯೋಜನೆಗೆ ಸೇರಿಸಿದರೆ ದಿನದ ಗಡುವೂ ಇರುತ್ತದೆ.

ಗಾಡಿ ಮಾರುವವರು ಸ್ವಲ್ಪ ದಿನ ಕಾಯುತ್ತೇನೆ ಅಂದಿದ್ದಾರೆ. ನಿಮ್ಮ ಕಚೇರಿಯಿಂದ ಯಾರಾದರೂ ಕರೆದರೆ ನಾವಿಬ್ಬರೂ ಕಾಗದಪತ್ರ ಹಿಡಿದು ಬರುತ್ತೇವೆ.

ಇಂತಿ,
ಬಳ್ಳಾರಿಯ ಒಬ್ಬ ಮತದಾರ